ಮಗಳಿಗೆ ಗೊತ್ತಿತ್ತು, ಆದರೂ ಆಗುತ್ತಿರಲಿಲ್ಲ: ನಮ್ಮ 19 ತಿಂಗಳ ಓಡಾಟ

ಕಳೆದ ವಾರ ಮಗಳಿಗೆ ಬೇಕಾದ ಸಹಾಯದ ಕಾಗದಗಳಿಗೆ ಅವಳ ಶಾಲೆಯಲ್ಲಿ ಕೊನೆಯ ಸಹಿ ಬಿತ್ತು. ಅವಳಿಗಿರುವುದು ಎಡಿಎಚ್‌ಡಿ, ಅಂದರೆ ಗಮನ ಹಿಡಿದಿಡಲು, ಕೆಲಸ ಶುರು ಮಾಡಿ ಮುಗಿಸಲು ಕಷ್ಟವಾಗುವ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ಫೈಲನ್ನು ಮನೆಗೆ ತಂದು ಮೇಜಿನ ಮೇಲಿಟ್ಟು, ಅದರ ದಪ್ಪ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಟೀಚರ್ ನನ್ನನ್ನು ಮೊದಲ ಸಲ ಕರೆಸಿ ಮಾತಾಡಿ ಇವತ್ತಿಗೆ 19 ತಿಂಗಳು. ಅದರಲ್ಲಿ ಅರ್ಧದಷ್ಟು ಕಾಲ ಹೋದದ್ದು ಮುಂದೇನು ಮಾಡಬೇಕೆಂದು ಗೊತ್ತಿಲ್ಲದೆ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಆ ಅರ್ಧವಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಗಳಿಗೆ ಆಗ 9 ವರ್ಷ. ಮಾತು ಚುರುಕು. ಕಥೆಪುಸ್ತಕ ಹಿಡಿದರೆ ಎರಡು ಗಂಟೆ ಅಲ್ಲಾಡುವುದಿಲ್ಲ. ಆದರೆ ಬೆಳಿಗ್ಗೆ ಶಾಲೆಗೆ ಹೊರಡಿಸುವುದೆಂದರೆ ಮನೆಯಲ್ಲಿ ದಿನಾ ಜಗಳ. "ಷೂ ಹಾಕ್ಕೋ" ಎಂದರೆ "ಆಯ್ತಮ್ಮಾ" ಎಂದು ಹೋಗುತ್ತಿದ್ದಳು. ಹತ್ತು ನಿಮಿಷ ಬಿಟ್ಟು ನೋಡಿದರೆ ಒಂದು ಕಾಲುಚೀಲ ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದಳು. ಹೋಂವರ್ಕನ್ನು ನನ್ನೆದುರೇ ಕೂತು ಮುಗಿಸಿರುತ್ತಿದ್ದಳು. ಆದರೂ ಮರುದಿನ ಡೈರಿಯಲ್ಲಿ "ಹೋಂವರ್ಕ್ ಕೊಟ್ಟಿಲ್ಲ" ಎಂದು ಕೆಂಪು ಶಾಯಿ. ಪುಸ್ತಕ ಬ್ಯಾಗಿನಲ್ಲೇ ಇರುತ್ತಿತ್ತು. ಅದನ್ನು ತೆಗೆದು ಮಿಸ್ ಕೈಗೆ ಕೊಡುವುದೊಂದು ಆಗುತ್ತಿರಲಿಲ್ಲ.

ಟೀಚರ್ ಹೇಳಿದ್ದು ಇಷ್ಟು: "ಬುದ್ಧಿವಂತೆ ಮೇಡಂ, ಆದ್ರೆ ಮನಸ್ಸು ಮಾಡಲ್ಲ. ಮನೇಲಿ ಸ್ವಲ್ಪ ಶಿಸ್ತು ಕಲಿಸಿ." ಆ ಮಾತು ನನಗೆ ತುಂಬಾ ನಾಟಿತು. ಮುಂದಿನ ಕೆಲವು ತಿಂಗಳು ನಾನು ಶಿಸ್ತು ಕಲಿಸಿದೆ. ಟಿವಿ ಬಂದ್, ಆಟ ಬಂದ್, ದಿನಾ ಬೈಗುಳ. ಒಂದು ರಾತ್ರಿ ಅವಳ ಬ್ಯಾಗನ್ನು ನೆಲಕ್ಕೆ ಸುರಿದು, "ನೀನೇ ಜೋಡ್ಸು, ರಾತ್ರಿಯೆಲ್ಲಾ ಆದ್ರೂ ಸರಿ" ಎಂದೆ. ಅವಳು ಆ ರಾಶಿಯ ಮುಂದೆ ಕೂತಳು. ಯಾವುದನ್ನೂ ಮುಟ್ಟಲಿಲ್ಲ. ಅರ್ಧ ಗಂಟೆ ಆದ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಅಮ್ಮಾ, ಯಾವುದರಿಂದ ಶುರು ಮಾಡ್ಲಿ?"

ಇದು ಹಟ ಅಲ್ಲ ಎಂದು ನನಗೆ ಹೊಳೆದದ್ದು ಆಗ. ಆ ರಾತ್ರಿ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೊದಲು ಹೋದದ್ದು ಮಕ್ಕಳ ಡಾಕ್ಟರ ಹತ್ತಿರ. ಅವರು ಐದು ನಿಮಿಷ ಮಾತಾಡಿಸಿ, ಮಗು ಚೆನ್ನಾಗಿದೆ, ಬೆಳೆದಂತೆ ಸರಿಹೋಗುತ್ತದೆ ಎಂದರು. ನನಗೂ ಅದೇ ಬೇಕಿತ್ತು, ನಂಬಿದೆ. ಐದು ತಿಂಗಳು ಹಾಗೇ ಕಳೆದವು. ಈಗ ಯೋಚಿಸಿದರೆ ತಪ್ಪು ಅವರೊಬ್ಬರದೇ ಅಲ್ಲ. ನಾನು ಹೇಳಿದ್ದೇ "ತುಂಬಾ ನಿಧಾನ ಡಾಕ್ಟ್ರೇ, ಎಲ್ಲಾ ಮರೀತಾಳೆ" ಎಂದು. ಯಾವ ಮಗು ಮರೆಯುವುದಿಲ್ಲ? ಎರಡನೆಯ ಸಲ ಹೋಗುವ ಮೊದಲು ಮೂರು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಯಾವ ದಿನ, ಎಷ್ಟು ಗಂಟೆಗೆ, ಏನು ಹೇಳಿದೆ, ಎಷ್ಟು ಸಲ ಹೇಳಿದೆ, ಏನಾಯಿತು. "ಹಲ್ಲುಜ್ಜಲು 5 ಸಲ ಹೇಳಿದೆ, 25 ನಿಮಿಷ, ನಡುವೆ ಬ್ರಷ್ ಎಲ್ಲಿಟ್ಟಳೋ ಸಿಗಲಿಲ್ಲ" ಎನ್ನುವಂಥ ಸಾಲುಗಳು. ಅದನ್ನು ಓದಿದ ಡಾಕ್ಟರು ಈ ಸಲ ಕುರ್ಚಿ ಮುಂದಕ್ಕೆಳೆದುಕೊಂಡು ಕೂತರು. ದಯವಿಟ್ಟು ಇವತ್ತೇ ಒಂದು ನೋಟ್‌ಬುಕ್ ಶುರು ಮಾಡಿ. ಇಡೀ ಓಡಾಟದಲ್ಲಿ ನಮಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದ ಕಾಗದ ಅದೇ.

ಮುಂದಿನ ಒಂದು ತಿಂಗಳು ಬೇರೆ ಕಾರಣಗಳಿವೆಯೇ ಎಂದು ನೋಡುವುದರಲ್ಲಿ ಹೋಯಿತು. ಕಣ್ಣು, ಕಿವಿ, ರಕ್ತದಲ್ಲಿ ಕಬ್ಬಿಣದ ಅಂಶ, ಥೈರಾಯ್ಡ್. ಗೊರಕೆ ಹೊಡೆಯುತ್ತಾಳಾ, ರಾತ್ರಿ ಎಷ್ಟು ಹೊತ್ತು ನಿದ್ದೆ ಎಂದೂ ಕೇಳಿದರು. ಇವೆಲ್ಲಾ ಯಾಕೆ ಎಂದು ನನಗೆ ಬೇಸರವಾಗಿತ್ತು. ಆದರೆ ಸರಿಯಾಗಿ ನಿದ್ದೆ ಇಲ್ಲದ ಮಗು, ಕಿವಿ ಮಂದವಾದ ಮಗು ಕೂಡ ಹೊರಗಿನಿಂದ ಹೀಗೇ ಕಾಣುತ್ತದೆ. ಈ ರಿಪೋರ್ಟುಗಳನ್ನು ಮುಂದೆ ಪ್ರತಿಯೊಬ್ಬರೂ ಕೇಳಿದರು. ಮೊದಲೇ ಮುಗಿಸಿಟ್ಟರೆ ಒಂದು ಸುತ್ತು ಕಡಿಮೆ.

ಆಮೇಲೆ ಮಕ್ಕಳ ಮನಶ್ಶಾಸ್ತ್ರಜ್ಞರ ಅಪಾಯಿಂಟ್‌ಮೆಂಟಿಗೆ ಮೂರು ತಿಂಗಳು ಕಾದೆವು. ಕಾಯುವಾಗ ಸಿಕ್ಕಿದ್ದನ್ನೆಲ್ಲಾ ಓದಿದೆ. ಎಕ್ಸಿಕ್ಯೂಟಿವ್ ಫಂಕ್ಷನ್ ಎಂಬ ಪದ ಗೊತ್ತಾದದ್ದು ಆಗಲೇ. ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ನಡುವೆ ಬೇರೆ ಏನಾದರೂ ಸೆಳೆದರೆ ತಡೆದುಕೊಳ್ಳುವುದು, ಒಂದರಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವುದು, ಈ ಮೂರು ಅದರ ಬುಡ. ಶುರು ಮಾಡುವುದು, ಜೋಡಿಸುವುದು, ಹೊತ್ತಿನ ಅಂದಾಜು ಇಟ್ಟುಕೊಳ್ಳುವುದು ಎಲ್ಲಾ ಇವುಗಳ ಮೇಲೆ ನಿಂತಿವೆ. ಇದರಲ್ಲಿ ದೊಡ್ಡ ಪಾಲು ಕೆಲಸ ಮಾಡುವುದು ಹಣೆಯ ಹಿಂದಿರುವ ಮೆದುಳಿನ ಮುಂಭಾಗ. ಅದು ಪೂರ್ತಿ ಬಲಿಯಲು ಎಲ್ಲರಿಗೂ ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು.

ಪರೀಕ್ಷೆ ಎರಡು ದಿನ ನಡೆಯಿತು. ಮಗಳು ಖುಷಿಯಿಂದ ಹೋದಳು, ಖುಷಿಯಿಂದ ಬಂದಳು. ಆರು ವಾರ ಬಿಟ್ಟು ರಿಪೋರ್ಟ್ ಕೈಗೆ ಬಂತು. ಎಲ್ಲವೂ ವಯಸ್ಸಿಗೆ ತಕ್ಕಂತಿದೆ, ಗಮನದ ಸಮಸ್ಯೆ ಕಾಣುವುದಿಲ್ಲ, ಪೋಷಕರ ಆತಂಕ ಹೆಚ್ಚಿದೆ ಎಂದು ಬರೆದಿತ್ತು.

ಆ ಕೊನೆಯ ಸಾಲು ಓದಿ ನಾನು ದಾರಿಯಲ್ಲೇ ಅತ್ತೆ. ಕಟ್ಟಿದ್ದು ಸಣ್ಣ ಮೊತ್ತ ಅಲ್ಲ. ಅದಕ್ಕಿಂತ ಜಾಸ್ತಿ, ಎರಡು ತಿಂಗಳು ನಾನು ಮತ್ತೆ ಹಳೆಯ ಅಮ್ಮನಾದೆ. ಏನೂ ತೊಂದರೆ ಇಲ್ಲ ಎಂದು ದೊಡ್ಡವರೇ ಹೇಳಿದ್ದಾರೆ, ಹಾಗಾದರೆ ಇದು ಸೋಮಾರಿತನವೇ ಅಲ್ವಾ ಎಂದು ಮತ್ತೆ ಬೈಯಲು ಶುರು ಮಾಡಿದೆ. ಅವಳು ಒಂದು ದಿನ ಕೇಳಿದಳು, "ಅಮ್ಮಾ, ನಾನು ದಡ್ಡಿನಾ? ನಂಗೆ ಎಲ್ಲಾ ಗೊತ್ತಿರುತ್ತೆ, ಆದ್ರೆ ಆಗ ನೆನಪೇ ಬರಲ್ಲ."

ಆಗ ನೆನಪೇ ಬರಲ್ಲ. ಅವಳು ಹೇಳಿದ ಆ "ಆಗ" ಎನ್ನುವುದೇ ಇಡೀ ತೊಂದರೆ ಎಂದು ನನಗೆ ಹೇಳಿದ್ದು ಎರಡನೆಯ ಮನಶ್ಶಾಸ್ತ್ರಜ್ಞರು. ಮತ್ತೆ ಎರಡು ತಿಂಗಳು ಕಾದು ಅವರ ಹತ್ತಿರ ಹೋದೆವು. ಹಳೆಯ ರಿಪೋರ್ಟನ್ನು ಬಚ್ಚಿಡದೆ ಮೊದಲೇ ಕೊಟ್ಟೆ. ಅವರು ಅದನ್ನು ತಪ್ಪು ಎನ್ನಲಿಲ್ಲ. ಪರೀಕ್ಷೆಯ ಕೋಣೆ ನಿಶ್ಶಬ್ದವಾಗಿರುತ್ತದೆ, ಒಬ್ಬರೇ ಎದುರು ಕೂತು ಒಂದೊಂದೇ ಪ್ರಶ್ನೆ ಕೇಳುತ್ತಾರೆ, ಯಾವಾಗ ಶುರು ಮಾಡಬೇಕು ಎಂದೂ ಅವರೇ ಹೇಳುತ್ತಾರೆ. ಅಂದರೆ ಮಗುವಿನ ಮೆದುಳು ಮಾಡಬೇಕಾದ ಕೆಲಸವನ್ನು ಆ ಕೋಣೆಯೇ ಮಾಡಿಬಿಡುತ್ತದೆ. ಇಂಥ ಪರೀಕ್ಷೆಯ ಅಂಕಗಳಿಗೂ ಮನೆಯಲ್ಲಿ, ಶಾಲೆಯಲ್ಲಿ ಮಗು ನಡೆದುಕೊಳ್ಳುವ ರೀತಿಗೂ ಹೊಂದಾಣಿಕೆ ತೀರಾ ಕಡಿಮೆ ಎಂದು 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಸಂಶೋಧಕರೂ ತೋರಿಸಿದ್ದಾರೆ. ಹಾಗಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಒಂದು ಪ್ರಶ್ನೆ ಕೇಳಿ: "ಬರೀ ಟೆಸ್ಟ್ ಮಾಡ್ತೀರಾ, ಅಥವಾ ಟೀಚರ್ ಹತ್ರಾನೂ ಫಾರಂ ತುಂಬಿಸ್ತೀರಾ?" ನಾವು ಮೊದಲ ಸಲ ಇದನ್ನು ಕೇಳಿರಲಿಲ್ಲ. ಶುಲ್ಕದಲ್ಲಿ ಲಿಖಿತ ರಿಪೋರ್ಟ್ ಸೇರಿದೆಯಾ, ಆಮೇಲೆ ಕೂರಿಸಿ ವಿವರಿಸುವುದಕ್ಕೆ ಬೇರೆ ಹಣವಾ ಎಂದೂ ಕೇಳಿಬಿಡಿ. ನಮಗೆ ಎರಡಕ್ಕೂ ಬೇರೆ ಬೇರೆ ಬಿಲ್ ಬಂತು.

ಈ ಸಲ ಫಾರಂಗಳೇ ಮುಖ್ಯ. ದಿನನಿತ್ಯದಲ್ಲಿ ಎಕ್ಸಿಕ್ಯೂಟಿವ್ ಫಂಕ್ಷನ್ ಹೇಗಿದೆ ಎಂದು ನೋಡುವ ಬ್ರೀಫ್-2 ಎಂಬ ಪಟ್ಟಿಯಲ್ಲಿ ಪೋಷಕರಿಗೆ 63 ಪ್ರಶ್ನೆಗಳು. ಕಳೆದ ಆರು ತಿಂಗಳಲ್ಲಿ ಹೀಗೆ ಆಗಿದೆಯೇ ಎಂದು ಕೇಳುತ್ತಾರೆ. ಎಂದೂ ಇಲ್ಲ, ಕೆಲವೊಮ್ಮೆ, ಆಗಾಗ, ಈ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ನಾನು ಒಂದು, ಅವಳಪ್ಪ ಒಂದು, ಟೀಚರ್ ಒಂದು ತುಂಬಿದೆವು. ಇಲ್ಲಿ ಎರಡು ಅಡ್ಡಿ ಬಂತು. ಶಾಲೆಗೆ ಕೊಟ್ಟ ಫಾರಂ ಮೂರು ವಾರ ಯಾರದೋ ಮೇಜಿನ ಮೇಲೆ ಕೂತಿತ್ತು, ಬಂದಾಗ ಅರ್ಧ ಪ್ರಶ್ನೆಗಳು ಖಾಲಿ. ನಾನು ಹೋಗಿ, ಮಿಸ್ಸಿಗೆ ಬಿಡುವಿರುವ ಒಂದು ಪೀರಿಯಡ್ ಕೇಳಿಕೊಂಡು, ಅಲ್ಲೇ ಹೊರಗೆ ಕೂತು ತುಂಬಿಸಿಕೊಂಡು ಬಂದೆ. ನೀವೂ ಹಾಗೇ ಮಾಡಿ, ಪೋಸ್ಟಿನಲ್ಲಿ ಕಳಿಸುವುದು, ಮಗುವಿನ ಕೈಯಲ್ಲಿ ಕೊಡುವುದು ಬೇಡ. ಕಾಗದ ತಲುಪಿಸುವುದೇ ಈ ಮಕ್ಕಳಿಗೆ ಕಷ್ಟ, ಅದನ್ನೇ ಅವರ ತಲೆಗೆ ಕಟ್ಟಬಾರದು.

ಎರಡನೆಯದು ಅವಳಪ್ಪನ ಫಾರಂ. ನಾನು "ಆಗಾಗ" ಎಂದು ಗುರುತು ಹಾಕಿದಲ್ಲೆಲ್ಲಾ ಅವರು "ಎಂದೂ ಇಲ್ಲ" ಎಂದು ಹಾಕಿದ್ದರು. ಒಂದೇ ಮನೆಯ ಎರಡು ಫಾರಂ, ಎರಡು ಬೇರೆ ಮಕ್ಕಳ ಬಗ್ಗೆ ಬರೆದ ಹಾಗಿತ್ತು. ನನಗೆ ಸಿಟ್ಟು ಬಂತು. ಮನಶ್ಶಾಸ್ತ್ರಜ್ಞರು ಮಾತ್ರ ಅವರನ್ನು ಮೆಲ್ಲಗೆ ಕೇಳಿದರು, "ನೀವು ಚಿಕ್ಕೋರಿದ್ದಾಗ ಹೇಗಿದ್ರಿ ಸರ್?" ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, ಬ್ಯಾಗು, ಕೊಡೆ, ಪರೀಕ್ಷೆಯ ಹಾಲ್ ಟಿಕೆಟ್ ಎಲ್ಲವನ್ನೂ ಕಳೆದುಕೊಂಡು ಹೊಡೆತ ತಿಂದ ಹುಡುಗ ತಾನು ಎಂದು. "ಎಲ್ಲಾ ಮಕ್ಕಳೂ ಹೀಗೇ ಅಂದ್ಕೊಂಡಿದ್ದೆ" ಎಂದರು. ಮನೆಗೆ ಬಂದು ಅತ್ತೆಯ ಹತ್ತಿರ ಹೇಳಿದೆವು. "ಅಯ್ಯೋ, ಇವನಿಗೂ ನಾನು ದಿನಾ ಬೈತಿದ್ನಲ್ಲೇ" ಎಂದು ಅವರು ಕಣ್ಣೊರೆಸಿಕೊಂಡರು. ಎಡಿಎಚ್‌ಡಿ ವಂಶದಲ್ಲಿ ಬರುವುದು ಬಹಳ ಜಾಸ್ತಿ. ಈ ವಿಷಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಸುಮಾರು ಶೇ. 74 ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಆ ದಿನದಿಂದ ನಮ್ಮ ಮನೆಯಲ್ಲಿ ಮಗಳ ಮೇಲೆ ದನಿ ಎತ್ತುವುದು ಕಡಿಮೆಯಾಯಿತು. ಅವಳಪ್ಪನ ಮೇಲೂ.

ಈ ಸಲದ ಪರೀಕ್ಷೆಯಲ್ಲಿ ಒಂದು ಚಿಕ್ಕ ಭಾಗ ನನಗೆ ಮರೆಯುವುದಿಲ್ಲ. ಅಂಕಿಗಳನ್ನು ಹೇಳುತ್ತಾರೆ, ಮಗು ಹಾಗೇ ತಿರುಗಿ ಹೇಳಬೇಕು. ನಮ್ಮವಳು 7 ಅಂಕಿವರೆಗೂ ಸಲೀಸಾಗಿ ಹೇಳಿದಳಂತೆ. ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳು ಎಂದರೆ 3ಕ್ಕೇ ನಿಂತಳು. ಕೇಳಿಸಿಕೊಳ್ಳಲು ತೊಂದರೆ ಇಲ್ಲ, ಕೇಳಿದ್ದನ್ನು ತಲೆಯಲ್ಲಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವುದು ಕಷ್ಟ ಎಂದು ಅವರು ವಿವರಿಸಿದರು. "ಮುಖ ತೊಳ್ಕೊಂಡು, ಬಟ್ಟೆ ಹಾಕ್ಕೊಂಡು, ಬ್ಯಾಗ್ ತಗೊಂಡು ಬಾ" ಎಂದು ನಾನು ದಿನಾ ಬೆಳಿಗ್ಗೆ ಒಂದೇ ಉಸಿರಿಗೆ ಹೇಳುತ್ತಿದ್ದೆ. ಅವಳಿಗೆ ಅದರಲ್ಲಿ ಉಳಿಯುತ್ತಿದ್ದದ್ದು ಮೊದಲನೆಯದೋ ಕೊನೆಯದೋ.

ರೋಗನಿರ್ಣಯ ಬಂದದ್ದು ಎಡಿಎಚ್‌ಡಿ, ಗಮನದ ಕೊರತೆ ಮುಖ್ಯವಾಗಿರುವ ಬಗೆ. ಓಡಾಟ, ಗಲಾಟೆ ಇಲ್ಲದ ಬಗೆ ಇದು, ಹುಡುಗಿಯರಲ್ಲಿ ಗೊತ್ತಾಗದೇ ಉಳಿಯುವುದು ಹೆಚ್ಚು. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಡಿಎಸ್‌ಎಂ-5 ಎಂಬ 2013ರ ಕೈಪಿಡಿಯ ಪ್ರಕಾರ ಮಕ್ಕಳಲ್ಲಿ ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ ಕನಿಷ್ಠ 6 ಇರಬೇಕು. ಆರು ತಿಂಗಳಿಂದ ಇರಬೇಕು. 12 ವರ್ಷಕ್ಕೆ ಮೊದಲೇ ಕೆಲವಾದರೂ ಕಂಡಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಟೀಚರ್ ಫಾರಂ ಇಲ್ಲದೆ ಯಾಕೆ ಆಗುವುದಿಲ್ಲ ಎಂದರೆ ಈ ಕೊನೆಯ ನಿಯಮಕ್ಕೆ. ಎಕ್ಸಿಕ್ಯೂಟಿವ್ ಫಂಕ್ಷನ್ ತೊಂದರೆ ಎಂಬುದು ಅದೊಂದೇ ಆಗಿ ಆ ಪುಸ್ತಕದಲ್ಲಿ ಪ್ರತ್ಯೇಕ ರೋಗನಿರ್ಣಯ ಅಲ್ಲ. ಎಡಿಎಚ್‌ಡಿ, ಆಟಿಸಂ, ಕಲಿಕೆಯ ತೊಂದರೆ, ಆತಂಕ ಎಲ್ಲದರ ಜೊತೆಗೂ ಇರಬಹುದು. ಶಾಲೆಯ ಅರ್ಜಿಯಲ್ಲಿ "ರೋಗನಿರ್ಣಯ" ಎಂಬ ಖಾನೆ ಇರುತ್ತದೆ. ಅಲ್ಲಿ ಬರೀ ಎಕ್ಸಿಕ್ಯೂಟಿವ್ ಫಂಕ್ಷನ್ ಎಂದು ಬರೆದರೆ ವಾಪಸ್ ಬರಬಹುದು, ಮೊದಲೇ ಕೇಳಿಕೊಳ್ಳಿ.

ಹೆಸರು ಸಿಕ್ಕ ದಿನ ನನಗೆ ಸಮಾಧಾನ ಮತ್ತು ದುಃಖ ಎರಡೂ ಒಟ್ಟಿಗೇ ಬಂದವು. ಸಮಾಧಾನ ಕೊಟ್ಟ ಒಂದು ವಿಷಯ ಹೇಳುತ್ತೇನೆ. ಸಂಶೋಧಕ ಫಿಲಿಪ್ ಶಾ ಮತ್ತು ಜೊತೆಗಾರರು 2007ರಲ್ಲಿ ಎಡಿಎಚ್‌ಡಿ ಇರುವ 223 ಮಕ್ಕಳ ಮೆದುಳಿನ ಸ್ಕ್ಯಾನುಗಳನ್ನು ಅಷ್ಟೇ ಸಂಖ್ಯೆಯ ಬೇರೆ ಮಕ್ಕಳ ಜೊತೆ ಹೋಲಿಸಿದರು. ಮೆದುಳಿನ ಹೊರಪದರದ ಬೆಳವಣಿಗೆಯ ಒಂದು ಘಟ್ಟವನ್ನು ಬೇರೆ ಮಕ್ಕಳು ಏಳೂವರೆ ವರ್ಷದ ಆಸುಪಾಸು ಮುಟ್ಟಿದರೆ ಇವರು ಮುಟ್ಟಿದ್ದು ಹತ್ತೂವರೆಗೆ. ಬೆಳವಣಿಗೆಯ ಕ್ರಮ ಒಂದೇ, ಹೊತ್ತು ಬೇರೆ. ಅಂದಿನಿಂದ ಬೆಳಿಗ್ಗೆ ಅವಳನ್ನು ಹೊರಡಿಸುವಾಗ ನಾನು ಏಳು ವರ್ಷದ ಮಗುವಿಗೆ ಎಷ್ಟು ಸಹಾಯ ಮಾಡುತ್ತಿದ್ದೆ ಎಂದು ಯೋಚಿಸಿ ಅಷ್ಟು ಮಾಡುತ್ತೇನೆ. ಕಥೆ, ಮಾತು, ಪ್ರಶ್ನೆಗಳ ವಿಷಯದಲ್ಲಿ ಅವಳು ತನ್ನ ವಯಸ್ಸಿನವಳೇ, ಅಲ್ಲಿ ಚಿಕ್ಕವಳಂತೆ ನಡೆಸಿಕೊಳ್ಳುವುದಿಲ್ಲ.

ಮನೆಯಲ್ಲಿ ಮಾಡಿದ್ದರಲ್ಲಿ ಸೋತದ್ದು ಜಾಸ್ತಿ. ಬಣ್ಣಬಣ್ಣದ ದೊಡ್ಡ ಪಟ್ಟಿ ಬರೆದು ಅಡುಗೆಮನೆಯಲ್ಲಿ ಅಂಟಿಸಿದೆ. ಒಂದು ವಾರ ನೋಡಿದಳು, ಆಮೇಲೆ ಅದು ಗೋಡೆಯಾಗಿಬಿಟ್ಟಿತು. ವರ್ಕಿಂಗ್ ಮೆಮೊರಿ, ಅಂದರೆ ಕೇಳಿದ್ದನ್ನು ತಲೆಯಲ್ಲಿಟ್ಟುಕೊಂಡು ಕೆಲಸ ಮಾಡುವ ಶಕ್ತಿ, ಹೆಚ್ಚಿಸುವ ಆಟದ ಆ್ಯಪ್‌ಗೆ ಒಂದು ವರ್ಷದ ಹಣ ಕಟ್ಟಿದೆ. ಆಟದಲ್ಲಿ ಅವಳು ಭಾರಿ ಚುರುಕಾದಳು, ಬ್ಯಾಗ್ ಹಾಗೇ ಉಳಿಯಿತು. ಇಂಥ ತರಬೇತಿಯಲ್ಲಿ ಆಯಾ ಆಟ ಸುಧಾರಿಸುತ್ತದೆ, ಓದು ಬರಹದ ಕೆಲಸಕ್ಕೆ ಅದು ದಾಟುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ ಎಂದು ಆಮೇಲೆ ತಿಳಿಯಿತು. ಆ ಹಣ ನೀವು ಉಳಿಸಿಕೊಳ್ಳಿ.

ಕೆಲಸ ಮಾಡಿದ್ದು ಅವಳು ಹೇಳಿದ "ಆಗ" ಎನ್ನುವ ಗಳಿಗೆಗೆ, ಆ ಜಾಗಕ್ಕೇ ಸಹಾಯ ಒಯ್ದಾಗ. ಎಡಿಎಚ್‌ಡಿ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಒತ್ತಿ ಹೇಳುವುದೂ ಇದನ್ನೇ. ಈ ಮಕ್ಕಳಿಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ, ಗೊತ್ತಿರುವುದನ್ನು ಮಾಡುವ ಹೊತ್ತಿನಲ್ಲಿ ಮಾಡಲಾಗುವುದಿಲ್ಲ. ಹಾಗಾದರೆ ರಾತ್ರಿ ಕೂರಿಸಿ ಉಪದೇಶ ಕೊಟ್ಟು ಏನು ಉಪಯೋಗ? ಪಟ್ಟಿಯನ್ನು ಕಿತ್ತು, ಬಾಗಿಲಿನ ಹತ್ತಿರ ಅವಳ ಕಣ್ಣಿನ ಮಟ್ಟಕ್ಕೆ ಒಂದೇ ಒಂದು ಫೋಟೋ ಅಂಟಿಸಿದೆ. ಷೂ, ಬ್ಯಾಗು, ನೀರಿನ ಬಾಟಲಿ ಎಲ್ಲಾ ಸಿದ್ಧವಾಗಿ ಅವಳೇ ನಗುತ್ತಾ ನಿಂತಿರುವ ಫೋಟೋ. "ಫೋಟೋದಲ್ಲಿರೋ ಹಾಗೆ ಇದ್ದೀಯಾ ನೋಡು" ಎಂದರೆ ಸಾಕು, ತಾನೇ ಏನು ಕಡಿಮೆ ಎಂದು ಹುಡುಕುತ್ತಾಳೆ. ಎಷ್ಟು ಸಮಯ ಉಳಿದಿದೆ ಎಂದು ಕೆಂಪು ಭಾಗ ಕುಗ್ಗುತ್ತಾ ತೋರಿಸುವ ಗಡಿಯಾರ ತಂದೆವು. "ಇನ್ನು ಹತ್ತು ನಿಮಿಷ" ಎಂಬುದು ಅವಳಿಗೆ ಬರೀ ಮಾತಾಗಿತ್ತು, ಈಗ ಕಣ್ಣಿಗೆ ಕಾಣುತ್ತದೆ. ಹೋಂವರ್ಕಿಗೆ ಕೂತಾಗ ನಾನು ಪಕ್ಕದಲ್ಲಿ ನನ್ನ ಕೆಲಸ ಇಟ್ಟುಕೊಂಡು ಕೂರುತ್ತೇನೆ. ಏನೂ ಹೇಳುವುದಿಲ್ಲ, ಸುಮ್ನೆ ಇರುತ್ತೇನೆ. ಮೊದಲ ಸಾಲು ಬರೆಯುವವರೆಗೆ ಅವಳಿಗೆ ನಾನು ಬೇಕು, ಆಮೇಲೆ ಎದ್ದು ಹೋದರೂ ನಡೆಯುತ್ತದೆ. ಒಂದು ತಪ್ಪು ಮಾಡಿದೆ. ಎರಡು ತಿಂಗಳು ಚೆನ್ನಾಗಿ ನಡೆಯಿತೆಂದು ಫೋಟೋ ತೆಗೆದೆ. ನಾಲ್ಕೇ ದಿನದಲ್ಲಿ ಎಲ್ಲಾ ಮೊದಲಿನಂತಾಯಿತು. ಕನ್ನಡಕ ಹಾಕಿಕೊಂಡು ಚೆನ್ನಾಗಿ ಕಾಣುತ್ತಿದೆ ಎಂದು ಕನ್ನಡಕ ತೆಗೆದಿಟ್ಟಂತೆ ಅದು. ಫೋಟೋ ಮತ್ತೆ ಅಲ್ಲೇ ಇದೆ.

ಔಷಧದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾವು ಮಕ್ಕಳ ಮನೋವೈದ್ಯರ ಹತ್ತಿರ ಮೂರು ಸಲ ಕೂತು ಮಾತಾಡಿ ಒಪ್ಪಿದೆವು. ಅವಳಿಗೆ ಕೊಟ್ಟ ಮಿಥೈಲ್‌ಫೆನಿಡೇಟ್ ಹೊಸ ಔಷಧ ಅಲ್ಲ, 1944ರಲ್ಲೇ ಮೊದಲು ತಯಾರಾದದ್ದು. ಶುರು ಮಾಡುವ ಮೊದಲು ಎತ್ತರ, ತೂಕ, ರಕ್ತದೊತ್ತಡ, ನಾಡಿಬಡಿತ ನೋಡಿದರು. ಮನೆತನದಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದೆಯೇ ಎಂದು ಕೇಳಿದರು. ಚಿಕ್ಕ ಪ್ರಮಾಣದಿಂದ ಏರಿಸುತ್ತಾ ಹೋದರು. ಮೊದಲ ವಾರಗಳಲ್ಲಿ ಅವಳಿಗೆ ಮಧ್ಯಾಹ್ನ ಹಸಿವೇ ಆಗುತ್ತಿರಲಿಲ್ಲ, ಅದಕ್ಕೆ ಮಾತ್ರೆಗೆ ಮೊದಲು ಬೆಳಿಗ್ಗೆ ಚೆನ್ನಾಗಿ ತಿನ್ನಿಸುತ್ತೇವೆ. ಈಗ ತರಗತಿಯಲ್ಲಿ ಕೇಳಿಸಿಕೊಳ್ಳುವುದು ಸುಲಭವಾಗಿದೆ ಎಂದು ಅವಳೇ ಹೇಳುತ್ತಾಳೆ. ಆದರೂ ಫೋಟೋ, ಗಡಿಯಾರ ಬೇಕೇ ಬೇಕು. ನಿಮ್ಮ ಮಗುವಿಗೆ ಏನು ಎಂದು ನಿಮ್ಮ ಡಾಕ್ಟರ ಜೊತೆಯೇ ತೀರ್ಮಾನ ಮಾಡಿ, ಪಕ್ಕದ ಮನೆಯವರ ಮಾತಿನ ಮೇಲೆ ಬೇಡ.

ಕೊನೆಗೆ ಉಳಿದದ್ದು ಶಾಲೆ. ಸುಲಭ ಎಂದುಕೊಂಡಿದ್ದೆ. ರಿಪೋರ್ಟಿನಲ್ಲಿ ಮಗಳ ಹೆಸರಿನ ಸ್ಪೆಲ್ಲಿಂಗ್ ಶಾಲೆಯ ದಾಖಲೆಗಿಂತ ಒಂದು ಅಕ್ಷರ ಬೇರೆ ಇತ್ತು, ಎರಡು ವಾರ ಹೋಯಿತು. ಕೊನೆಯ ಪುಟಕ್ಕೆ ಮಾತ್ರ ಸಹಿ ಇತ್ತು, ಪ್ರತಿ ಪುಟಕ್ಕೂ ಸಹಿ, ಸೀಲು ಬೇಕೆಂದರು, ಇನ್ನೊಂದು ವಾರ. ರಿಪೋರ್ಟ್ ಕೈಗೆ ಬಂದ ದಿನವೇ ಹೆಸರು, ಹುಟ್ಟಿದ ದಿನಾಂಕ, ಸಹಿ ನೋಡಿಕೊಳ್ಳಿ. ಎಷ್ಟು ಹಳೆಯ ರಿಪೋರ್ಟ್ ನಡೆಯುತ್ತದೆ ಎಂದು ಕೇಳಿ. ಮೂಲಪ್ರತಿ ಯಾರಿಗೂ ಬಿಟ್ಟುಬರಬೇಡಿ. ಈ ಎಲ್ಲಾ ಓಡಾಟಕ್ಕೆ ನಾನು ಹಾಕಿದ ಅರ್ಧ ದಿನದ ರಜೆಗಳೇ 22. ಖರ್ಚಿನ ಲೆಕ್ಕ ಹಾಕುವಾಗ ಇದನ್ನು ಯಾರೂ ಹೇಳುವುದಿಲ್ಲ.

ಸಭೆಗೆ "ನನ್ನ ಮಗಳಿಗೆ ಸಹಾಯ ಮಾಡಿ" ಎಂದು ಹೋಗಲಿಲ್ಲ. ಐದು ಸಣ್ಣ ಕೋರಿಕೆ ಬರೆದುಕೊಂಡು ಹೋದೆ. ಬಾಗಿಲ ಹತ್ತಿರ ಹೋಂವರ್ಕ್ ಹಾಕಲು ಒಂದು ಟ್ರೇ. ಬಾಯಲ್ಲಿ ಹೇಳಿದ್ದು ಬೋರ್ಡಿನ ಮೇಲೂ ಇರಬೇಕು. ಪರೀಕ್ಷೆಗೆ ಹೆಚ್ಚುವರಿ ಸಮಯ. ದೊಡ್ಡ ಪ್ರಾಜೆಕ್ಟಿಗೆ ನಡುನಡುವೆ ಚಿಕ್ಕ ಗಡುವು. ಮನೆಗೆ ಇನ್ನೊಂದು ಸೆಟ್ ಪಠ್ಯಪುಸ್ತಕ, ಅದರ ಖರ್ಚು ನಮ್ಮದೇ. ನಾಲ್ಕಕ್ಕೆ ಒಪ್ಪಿದರು. ಪ್ರಾಜೆಕ್ಟಿನ ವಿಷಯ ಮುಂದಿನ ಸಭೆಗೆ ಎಂದರು. ಟ್ರೇ ಬಂದ ಮೊದಲ ವಾರ ಐದು ದಿನದಲ್ಲಿ ನಾಲ್ಕು ದಿನ ಹೋಂವರ್ಕ್ ತಲುಪಿತು. ಅಂದು ಶಿಸ್ತು ಕಲಿಸಿ ಎಂದಿದ್ದ ಅದೇ ಮಿಸ್ ಫೋನ್ ಮಾಡಿ ಹೇಳಿದರು, ದನಿಯಲ್ಲಿ ನಿಜವಾದ ಸಂತೋಷ ಇತ್ತು.

ಮುಂದಿನ ವರ್ಷ ಹೊಸ ಟೀಚರ್ ಬರುತ್ತಾರೆ. ಅವರು ಇಷ್ಟು ದಪ್ಪದ ಫೈಲ್ ಓದುವುದು ಕಷ್ಟ, ಅದಕ್ಕೆ ಒಂದು ಪುಟದ ಚೀಟಿ ಮಾಡೋಣ ಎಂದು ಮೊನ್ನೆ ಮಗಳ ಜೊತೆ ಕೂತೆ. ನಾನು ಬರೆಯಲು ಪೆನ್ನು ತೆಗೆದರೆ ಅವಳು ಕಿತ್ತುಕೊಂಡಳು. ಮೊದಲ ಸಾಲು ಬರುವವರೆಗೆ ಪಕ್ಕದಲ್ಲಿ ಕೂತಿದ್ದೆ. ಅವಳು ಬರೆದದ್ದು ಇಷ್ಟು: "ಮಿಸ್, ನನಗೆ ಮೂರು ಕೆಲಸ ಒಟ್ಟಿಗೆ ಹೇಳಬೇಡಿ. ಒಂದು ಆದ ಮೇಲೆ ಇನ್ನೊಂದು ಹೇಳಿ. ನಾನು ಕಿಟಕಿ ನೋಡ್ತಾ ಇದ್ದರೆ ಹೆಸರು ಕೂಗಬೇಡಿ, ನನ್ನ ಡೆಸ್ಕ್ ಮೇಲೆ ಕೈ ಇಡಿ, ನಾನು ಬರ್ತೀನಿ."